ಅಪಾತ್ರರು ಯಾರು?



ದಾನದ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಒಂದು ಎಚ್ಚರಿಕೆ ಹೇಳುತ್ತಿದ್ದರು. ಕೊಡುವುದು ದೊಡ್ಡದಲ್ಲ, ಪಾತ್ರ ನೋಡಿ ಕೊಡಬೇಕು. ಕುಡಿದು ಹಾಳಾಗುವವನಿಗೆ ಕೊಟ್ಟದ್ದು ಅಪಾತ್ರ ದಾನ ಎಂದು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲೂ ಸಾತ್ತ್ವಿಕ ದಾನಕ್ಕೆ ದೇಶ, ಕಾಲ, ಪಾತ್ರ ಎಂಬ ಮೂರೂ ಕೂಡಿಬರಬೇಕೆಂಬ ವಿಚಾರ ಬರುತ್ತದೆ. ಇದನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಒಂದು ರಾತ್ರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಂಡದ್ದು, 'ಪಾತ್ರ' ಎಂಬ ಆ ಶಬ್ದವನ್ನೇ ಹೊಸದಾಗಿ ಯೋಚಿಸುವಂತೆ ಮಾಡಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲು ಈ ಬರಹ.

ಅಂದು ನಾವು ನಾಲ್ವರು ಗೆಳೆಯರು ಓಡಿಹೋದದ್ದು ಐದನೆಯ ಗೆಳೆಯನಿಗಾಗಿ. (ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇವೆ.) ಹೆಂಡತಿ ಮಕ್ಕಳು ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಕುಡಿತ ಬಿಟ್ಟುಬಿಡುತ್ತೇನೆಂದು ತನಗೆ ತಾನೇ ಶಪಥ ಮಾಡಿ, ಒಂದೇ ಏಟಿಗೆ ನಿಲ್ಲಿಸಿದ್ದ. ಮರುದಿನ ಕೈ ನಡುಗಿತು, ಬೆವರಿತು, ನಿದ್ದೆ ಬರಲಿಲ್ಲ. ಎರಡನೆಯ ದಿನ ರಾತ್ರಿ ಫಿಟ್ಸ್ ಬಂದು ಅಡುಗೆಮನೆಯಲ್ಲಿ ಬಿದ್ದ. ನಮ್ಮಲ್ಲೊಬ್ಬರು ಅದೇ ಹೊತ್ತಿಗೆ ಏನೋ ಕೆಲಸಕ್ಕೆ ಅವನ ಮನೆಗೆ ಹೋಗಿದ್ದರಿಂದ ಆಂಬುಲೆನ್ಸ್ ಬಂತು. ಹೋಗದೇ ಇದ್ದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇವೆ.

ಅವನು ಕುಡಿಯುತ್ತಾನೆಂದು ನಮಗೆಲ್ಲರಿಗೂ ಗೊತ್ತಿತ್ತು. ಪಾಟ್‌ಲಕ್ ಊಟಗಳಲ್ಲಿ ಅವನು ಮಧ್ಯೆ ಮಧ್ಯೆ ಕಾರಿನ ಹತ್ತಿರ ಹೋಗಿಬರುತ್ತಿದ್ದುದನ್ನು ನೋಡಿದ್ದೆವು. ಯಾರೂ ಕೇಳಿರಲಿಲ್ಲ. ಆ ರಾತ್ರಿ ಡಾಕ್ಟರು ಬಂದು, "ಇವರು ಕುಡಿಯುತ್ತಾರೆಯೇ?" ಎಂದು ಕೇಳಿದಾಗ ಮುಖ ಮುಖ ನೋಡಿಕೊಂಡೆವು. "ವಾರಾಂತ್ಯದಲ್ಲಿ ಸ್ವಲ್ಪ, ಕಂಪನಿಗಾಗಿ" ಎಂದೆವು. ಅಷ್ಟರಲ್ಲಿ ಮೈಸೂರಿನಿಂದ ಅವನ ತಂದೆಯ ಫೋನ್ ಬಂತು. "ಅಂಕಲ್, ಗಾಬರಿ ಆಗಬೇಡಿ, ಬರೀ ಗ್ಯಾಸ್ಟ್ರಿಕ್. ನಾವೆಲ್ಲ ಇದ್ದೀವಿ" ಎಂದೆವು. ಎರಡು ನಿಮಿಷದಲ್ಲಿ ಎರಡು ಸುಳ್ಳು. ಅವನ ಮರ್ಯಾದೆ ಕಾಪಾಡುತ್ತಿದ್ದೇವೆ ಎಂದೇ ನಾವು ತಿಳಿದಿದ್ದೆವು.

ನಸುಕಿನ ಹೊತ್ತಿಗೆ, ಅವನಿಗೆ ಪೂರ್ತಿ ಎಚ್ಚರವಾದ ಮೇಲೆ, ಒಬ್ಬ ಮಹಿಳೆ ಬಂದರು. ಬಿಳಿ ಕೋಟಿಲ್ಲ, ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜ್ ಮಾತ್ರ. ಹೆಸರು ಹೇಳಿ, "ನಾನು ಇಲ್ಲಿ ಸ್ವಲ್ಪ ಕೂತುಕೊಳ್ಳಬಹುದೇ?" ಎಂದು ಅವನನ್ನೇ ಕೇಳಿದರು. ಕುರ್ಚಿ ಎಳೆದುಕೊಂಡು ಅವನ ಕಣ್ಣಿನ ಮಟ್ಟಕ್ಕೆ ಕುಳಿತರು. ನಮ್ಮತ್ತ ಒಮ್ಮೆ ನೋಡಿ, "ನಿಮ್ಮ ಗೆಳೆಯರು ಇಲ್ಲೇ ಇರಲೇ, ಹೊರಗಿರಲೇ? ನಿಮಗೆ ಹೇಗೆ ಅನುಕೂಲ?" ಎಂದರು. ಅವನು ನಮ್ಮ ಮುಖ ನೋಡದೆ, "ನೀವು ಸ್ವಲ್ಪ ಹೊರಗಿರ್ತೀರಾ?" ಎಂದ.

ನಾವು ಕಾಫಿ ಮೆಷಿನ್ ಪಕ್ಕ ಇಪ್ಪತ್ತು ನಿಮಿಷ ನಿಂತೆವು. ಆರು ವರ್ಷದಲ್ಲಿ ನಮಗೆ ಹೇಳದ್ದನ್ನು ಅವನು ಆ ಇಪ್ಪತ್ತು ನಿಮಿಷದಲ್ಲಿ ಗುರುತಿಲ್ಲದ ಒಬ್ಬರಿಗೆ ಹೇಳಿದ. ಎಷ್ಟು ಕುಡಿಯುತ್ತಿದ್ದ, ಯಾವಾಗ ನಿಲ್ಲಿಸಿದ ಎಂಬುದು ಗೊತ್ತಾದ ಮೇಲೆ ಡಾಕ್ಟರು ಅವನನ್ನು ಮನೆಗೆ ಕಳಿಸುವ ವಿಚಾರ ಬಿಟ್ಟು ಒಳಗೆ ದಾಖಲು ಮಾಡಿಕೊಂಡರು. ದಿನವೂ ತುಂಬಾ ಕುಡಿಯುವ ದೇಹ ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಜ್ವರ, ವಿಪರೀತ ನಡುಕ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು ಎಂಬುದು ನಮಗೆ ಆಮೇಲೆ ತಿಳಿಯಿತು. ನಮ್ಮ ಸುಳ್ಳು ಮುಚ್ಚಿಟ್ಟದ್ದು ಜೀವ ಉಳಿಸುವ ಮಾತನ್ನೇ.

ಆ ಮಹಿಳೆ ವ್ಯಸನದ ಆಪ್ತಸಮಾಲೋಚಕಿ. ತುರ್ತು ವಿಭಾಗದಲ್ಲೇ ಕೆಲಸ ಮಾಡಲು ಪ್ರತ್ಯೇಕ ತರಬೇತಿ ಪಡೆದವರು. ಮುಂದೆ ನಮ್ಮ ದೇವಸ್ಥಾನದ ಆರೋಗ್ಯ ಶಿಬಿರಕ್ಕೆ ಕರೆದಾಗ ಸಂತೋಷದಿಂದ ಬಂದು, ತಮ್ಮ ಕೆಲಸದ ಬಗ್ಗೆ ಬಿಡಿಸಿ ಹೇಳಿದರು. ನಮ್ಮ ಗೆಳೆಯನ ಹೆಸರೆತ್ತಿ ವಿಚಾರಿಸಿದರೆ ಮಾತ್ರ ನಕ್ಕು ಸುಮ್ಮನಾದರು. ಅವನನ್ನು ನೋಡಿದ್ದೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಈ ತುರ್ತು ವಿಭಾಗ ಎಂಬುದು ಒಂದು ವಿಶೇಷ ಬಾಗಿಲು. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ, ಮೆಡಿಕೇರ್ ವ್ಯವಸ್ಥೆಗೆ ಸೇರಿದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರೇ ಬಂದರೂ, ಕೈಯಲ್ಲಿ ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಪ್ರಾಣಾಪಾಯದಿಂದ ಪಾರುಮಾಡಲೇಬೇಕು. ಅಲ್ಲಿ ಪಾತ್ರಾಪಾತ್ರ ವಿಚಾರವಿಲ್ಲ. ಬೇರೆಲ್ಲ ಬಾಗಿಲು ಮುಚ್ಚಿದ ಮೇಲೆ, ರಾತ್ರಿ ಎರಡು ಗಂಟೆಗೆ, ವ್ಯಸನಿ ಬಂದು ಬೀಳುವುದೂ ಅಲ್ಲೇ.

ಆದರೆ ಬಹುಕಾಲ ಅಲ್ಲಿ ನಡೆಯುತ್ತಿದ್ದದ್ದೇನು? ಗಾಯಕ್ಕೆ ಹೊಲಿಗೆ ಹಾಕಿ, ಡ್ರಿಪ್ ಕೊಟ್ಟು, ಹೋಗುವಾಗ ಚಿಕಿತ್ಸಾ ಕೇಂದ್ರಗಳ ಫೋನ್ ನಂಬರ್ ಇರುವ ಒಂದು ಚೀಟಿ ಕೈಗೆ ಕೊಟ್ಟು ಕಳಿಸುವುದು. ಸಾಫ್ಟ್‌ವೇರ್ ಕೆಲಸದವರಾದ ನಮಗೆ ಇದು ಚೆನ್ನಾಗಿ ಪರಿಚಿತ: ತೊಂದರೆ ಹಾಗೇ ಇರುತ್ತದೆ, ಟಿಕೆಟ್ ಮಾತ್ರ ಮುಚ್ಚಿರುತ್ತದೆ! ಇದರ ಬೆಲೆಯೇನೆಂದು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಅಧ್ಯಯನ ತೋರಿಸಿದೆ. 2011ರಿಂದ 2015ರವರೆಗೆ ಅಲ್ಲಿ ಓಪಿಯಾಯ್ಡ್ ಮಾದಕ ಅತಿಯಾಗಿ ತುರ್ತು ವಿಭಾಗಕ್ಕೆ ಬಂದು, ಬದುಕಿ ಹೊರಗೆ ಹೋದ 11,557 ಜನರನ್ನು ಲೆಕ್ಕಕ್ಕೆ ತೆಗೆದುಕೊಂಡರು. ಒಂದು ವರ್ಷದೊಳಗೆ 635 ಮಂದಿ ತೀರಿಕೊಂಡಿದ್ದರು. ಅವರಲ್ಲಿ 130 ಮಂದಿ ಮೊದಲ ತಿಂಗಳಲ್ಲೇ, ಅದರಲ್ಲೂ 29 ಮಂದಿ ಮೊದಲ ಎರಡೇ ದಿನಗಳಲ್ಲಿ. ಚೀಟಿ ಇನ್ನೂ ಜೇಬಿನಲ್ಲೇ ಇದ್ದಿರಬೇಕು.

ಈ ಚೀಟಿಯ ಬದಲು ಒಬ್ಬ ಮನುಷ್ಯರನ್ನೇ ಅಲ್ಲಿ ಇಟ್ಟರೆ ಹೇಗೆ ಎಂದು ಯೋಚಿಸಿದವರಲ್ಲಿ ಬಾಸ್ಟನ್ನಿನ ಎಡ್ವರ್ಡ್ ಮತ್ತು ಜುಡಿತ್ ಬರ್ನ್‌ಸ್ಟೀನ್ ಮುಖ್ಯರು. 1994ರಲ್ಲಿ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ 'ಪ್ರಾಜೆಕ್ಟ್ ಅಸರ್ಟ್' ಎಂಬ ಯೋಜನೆ ಶುರುವಾಯಿತು. ಸುತ್ತಲ ಬಡಾವಣೆಗಳ ಜೀವನ ಬಲ್ಲವರನ್ನು ಆರಿಸಿ, ತರಬೇತಿ ಕೊಟ್ಟು ತುರ್ತು ವಿಭಾಗದಲ್ಲೇ ನೇಮಿಸಿದರು. 2014ರಲ್ಲಿ ರೋಡ್ ಐಲೆಂಡ್ ರಾಜ್ಯದಲ್ಲಿ 'ಆ್ಯಂಕರ್ ಇಡಿ' ಎಂಬ ವ್ಯವಸ್ಥೆ ಬಂತು. ಅಲ್ಲಿ ರೋಗಿಯ ಪಕ್ಕ ಬಂದು ಕೂರುವವರು, ತಾವೇ ಒಂದು ಕಾಲದಲ್ಲಿ ವ್ಯಸನದಲ್ಲಿ ಮುಳುಗಿ ಎದ್ದುಬಂದವರು.

ಇಂಥವರಿಗೆ ಕೊಡುವ ತರಬೇತಿಯೇನು? ಔಷಧಗಳ ಹೆಸರು, ಮೆದುಳಿನ ರಸಾಯನ ಇತ್ಯಾದಿ ಇದ್ದೇ ಇರುತ್ತದೆ ಎಂದುಕೊಂಡಿದ್ದೆವು. ಇರುತ್ತದೆ. ಆದರೆ ಕಷ್ಟದ ಪಾಠಗಳು ಬೇರೆ ಎಂದರು ಆ ಮಹಿಳೆ.

ಮೊದಲ ಪಾಠ, ಅಪ್ಪಣೆ ಕೇಳುವುದು. "ನಿಮ್ಮ ಕುಡಿತದ ಬಗ್ಗೆ ಒಂದೆರಡು ಮಾತಾಡಬಹುದೇ?" ಎಂದು ಕೇಳಿಯೇ ಆರಂಭಿಸಬೇಕು. ಆಸ್ಪತ್ರೆಯ ಗೌನಿನಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವನಿಗೆ ಆ ಹೊತ್ತಿನಲ್ಲಿ ಯಾವುದರ ಮೇಲೂ ಅಧಿಕಾರವಿರುವುದಿಲ್ಲ. ಈ ಒಂದು ಪ್ರಶ್ನೆ ಅವನಿಗೆ ಸ್ವಲ್ಪವಾದರೂ ಯಜಮಾನಿಕೆಯನ್ನು ಹಿಂದಿರುಗಿಸುತ್ತದೆ.

ಎರಡನೆಯ ಪಾಠ, ಉಪದೇಶ ಬಿಡುವುದು. ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಬರೆದು, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಸಿದ ಒಂದು ಸಂಭಾಷಣೆಯ ಕ್ರಮವಿದೆ. ಅದರ ತಿರುಳು ಇಷ್ಟು: ನಾವು "ಬಿಡು" ಎಂದು ಒತ್ತಾಯಿಸಿದಷ್ಟೂ ಎದುರಿನವನು ಬಿಡದಿರುವುದಕ್ಕೆ ಕಾರಣ ಹುಡುಕುತ್ತಾನೆ, ಬಿಡುವುದಕ್ಕೆ ಕಾರಣ ಅವನ ಬಾಯಿಂದಲೇ ಬರಬೇಕು. ಅದಕ್ಕೊಂದು ಉಪಾಯವನ್ನು ಆಕೆ ತೋರಿಸಿದರು. "ಬದಲಾಗಲು ನೀವು ಎಷ್ಟು ಸಿದ್ಧರಿದ್ದೀರಿ? ಒಂದರಿಂದ ಹತ್ತರವರೆಗೆ ಒಂದು ಅಂಕಿ ಹೇಳಿ" ಎನ್ನುತ್ತಾರೆ. ಅವನು "ಮೂರು" ಎಂದ ಎನ್ನಿ. ನಾವಾಗಿದ್ದರೆ "ಬರೀ ಮೂರೇ? ನಾಚಿಕೆಯಾಗಲ್ವಾ?" ಎನ್ನುತ್ತಿದ್ದೆವು. ಅವರು ಕೇಳುವುದು, "ಒಂದು ಅನ್ನಲಿಲ್ಲವಲ್ಲ, ಮೂರು ಯಾಕೆ ಅಂದಿರಿ?" ಎಂದು. ಆಗ ಅವನು ತನ್ನ ಮಗಳ ವಿಷಯ ಹೇಳುತ್ತಾನೆ, ಕೆಲಸದ ವಿಷಯ ಹೇಳುತ್ತಾನೆ. ತನ್ನ ಕಾರಣವನ್ನು ತಾನೇ ಕೇಳಿಸಿಕೊಳ್ಳುತ್ತಾನೆ.

ಮೂರನೆಯದು ಸಮಯದ ಅರಿವು. ಅಮಲು ಇಳಿಯದವನ ಹತ್ತಿರ ಮಾತು ವ್ಯರ್ಥ. ಓಪಿಯಾಯ್ಡ್ ಅತಿಯಾಗಿ ಉಸಿರು ನಿಂತವನಿಗೆ ನಲೋಕ್ಸೋನ್ ಕೊಟ್ಟು ಎಬ್ಬಿಸಿದಾಗ, ಅವನು ಕೃತಜ್ಞತೆ ಹೇಳುವುದಿಲ್ಲ. ವಾಂತಿ, ನಡುಕ, ಸಿಟ್ಟಿನಲ್ಲಿ ಏಳುತ್ತಾನೆ. ಆ ಸಿಟ್ಟು ತನ್ನ ಮೇಲಲ್ಲ ಎಂದು ತಿಳಿದು ಕಾಯಬೇಕು. ಆದರೆ ತುಂಬಾ ಕಾದರೆ ಅವನು ಎದ್ದು ಹೋಗಿಬಿಡುತ್ತಾನೆ. ಒಂದೆಡೆ ಡಾಕ್ಟರು, ನರ್ಸುಗಳ ಓಡಾಟ, ಇನ್ನೊಂದೆಡೆ ಪರದೆಯ ಆಚೆ ಮಗುವಿನ ಅಳು. ಸಿಕ್ಕುವ ಹದಿನೈದು ಇಪ್ಪತ್ತು ನಿಮಿಷದಲ್ಲೇ ಮೆಲುದನಿಯಲ್ಲಿ ಮಾತು ಮುಗಿಯಬೇಕು, ಮುಂದಿನ ಭೇಟಿಯ ದಿನ ಮತ್ತು ಹೋಗಿ ಕಾಣಬೇಕಾದವರ ಹೆಸರು ಗೊತ್ತಾಗಿರಬೇಕು. ಒಂದೆರಡು ದಿನದಲ್ಲಿ ತಾವೇ ಫೋನ್ ಮಾಡಿ ವಿಚಾರಿಸಬೇಕು.

ಇನ್ನು ಎಲ್ಲಕ್ಕಿಂತ ಕಷ್ಟದ್ದು, "ಬೇಡ" ಎಂಬ ಉತ್ತರವನ್ನು ಸ್ವೀಕರಿಸುವುದು. ಅವನು ಬೇಡ ಎಂದರೆ ಮುಖ ಸಪ್ಪಗೆ ಮಾಡಬಾರದು, ಹೆದರಿಸಬಾರದು. "ಸರಿ. ಮನಸ್ಸು ಬದಲಾದರೆ ನಾವು ಇಲ್ಲೇ ಇರುತ್ತೇವೆ" ಎಂದು ಹೇಳಿ, ನಲೋಕ್ಸೋನ್ ಪೊಟ್ಟಣ ಬೇಕಾದರೆ ಅದನ್ನೂ ಕೈಗಿತ್ತು ಕಳಿಸಬೇಕು. ಅದೇ ಮನುಷ್ಯ ಮುಂದಿನ ವಾರ ಮತ್ತೆ ಬಂದರೆ, ಮೊದಲ ಸಲ ಬಂದವನಂತೆಯೇ ಕುರ್ಚಿ ಎಳೆದುಕೊಂಡು ಕೂರಬೇಕು. "ನಾಯಿ ಬಾಲ ಡೊಂಕು" ಎಂಬ ಭಾವ ಕಣ್ಣಲ್ಲೂ ಸುಳಿಯಬಾರದು. ಇದಕ್ಕಾಗಿ ಅವರು ಒಬ್ಬರಿಗೊಬ್ಬರು ರೋಗಿಯ ಪಾತ್ರ ಮಾಡಿಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರಂತೆ. ತಮ್ಮೊಳಗಿನ ನ್ಯಾಯಾಧೀಶನನ್ನು ಹೊರಗೆ ನಿಲ್ಲಿಸುವುದೇ ಈ ತರಬೇತಿಯ ಬಹುಭಾಗ ಎಂದು ನಮಗನ್ನಿಸಿತು.

ಬರೀ ಮಾತಿನಿಂದ ಎಲ್ಲವೂ ಆಗುತ್ತದೆಂದಲ್ಲ. ಯೇಲ್ ವಿಶ್ವವಿದ್ಯಾಲಯದ ಗೇಲ್ ಡಿ'ಒನೊಫ್ರಿಯೊ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತುರ್ತು ವಿಭಾಗಕ್ಕೆ ಬಂದ 329 ಓಪಿಯಾಯ್ಡ್ ವ್ಯಸನಿಗಳನ್ನು ಮೂರು ಗುಂಪು ಮಾಡಿದ್ದರು. ವಿಳಾಸದ ಚೀಟಿ ಮಾತ್ರ ಪಡೆದವರಲ್ಲಿ ಶೇಕಡಾ 37, ಆಪ್ತ ಮಾತುಕತೆ ನಡೆಸಿ ಚಿಕಿತ್ಸಾ ಕೇಂದ್ರಕ್ಕೆ ಜೋಡಿಸಿದವರಲ್ಲಿ ಶೇಕಡಾ 45, ಮಾತುಕತೆಯ ಜೊತೆಗೆ ಬ್ಯುಪ್ರೆನಾರ್ಫಿನ್ ಔಷಧವನ್ನು ಅಲ್ಲೇ ಆರಂಭಿಸಿದವರಲ್ಲಿ ಶೇಕಡಾ 78 ಮಂದಿ ಮೂವತ್ತನೆಯ ದಿನ ಚಿಕಿತ್ಸೆಯಲ್ಲಿದ್ದರು. ಆ ಔಷಧ ಬರೆಯಲು ಡಾಕ್ಟರುಗಳಿಗೆ ಬೇಕಿದ್ದ ವಿಶೇಷ ಅನುಮತಿಯನ್ನು 2022ರ ಡಿಸೆಂಬರಿನ ಕಾನೂನು ತೆಗೆದುಹಾಕಿತು. ಹಸಿದವನಿಗೆ ಸಮಾಧಾನದ ಮಾತೂ ಬೇಕು, ಅನ್ನವೂ ಬೇಕು. ಕರುಣೆಯ ಮಾತಾಡಿ ಕೈಯಲ್ಲಿರುವ ಔಷಧ ಕೊಡದಿದ್ದರೆ ಅದು ಅರ್ಧ ಕರುಣೆ.

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಉಪಚಾರಕ್ಕೆ ಕುಡುಕ ಪಾತ್ರನೇ? "ಮಾಡಿದ್ದುಣ್ಣೋ ಮಹಾರಾಯ" ಎನ್ನುವುದಿಲ್ಲವೇ ನಮ್ಮ ಗಾದೆ? ಮುಚ್ಚಿಡುವುದೇಕೆ, ನಮ್ಮ ಧರ್ಮಶಾಸ್ತ್ರಗಳು ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಒಂದೆಂದು ಎಣಿಸಿವೆ. ಅಷ್ಟೇ ಅಲ್ಲ, ಅಂಥ ಪಾತಕಿಗಳ ಸಂಸರ್ಗವೇ ಐದನೆಯ ಪಾತಕ. ನಮ್ಮ ಮನೆಗಳಲ್ಲಿ ಈ ವಿಷಯ ಬಂದರೆ ದನಿ ತಗ್ಗುವುದೂ, ಅಂಥವರ ಮನೆಗೆ ಹೋಗಿಬರುವುದು ಕಡಿಮೆಯಾಗುವುದೂ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಬಹಳ ಹಳೆಯ ಬೇರಿದೆ.

ಆದರೆ ಅದೇ ಪರಂಪರೆಯಲ್ಲಿ ಚರಕ ಸಂಹಿತೆಯೂ ಇದೆ. ಅದರ ಚಿಕಿತ್ಸಾಸ್ಥಾನದಲ್ಲಿ 'ಮದಾತ್ಯಯ ಚಿಕಿತ್ಸಾ' ಎಂಬ ಇಡೀ ಒಂದು ಅಧ್ಯಾಯ, ಅತಿಯಾದ ಮದ್ಯಪಾನದಿಂದ ಬರುವ ರೋಗಕ್ಕೆ ಮೀಸಲಾಗಿದೆ. ಧರ್ಮಶಾಸ್ತ್ರಕಾರ ಪಾತಕಿ ಎಂದು ಕಂಡ ಮನುಷ್ಯನನ್ನೇ ವೈದ್ಯ ರೋಗಿ ಎಂದು ಕಂಡ. ಇಬ್ಬರೂ ನಮ್ಮವರೇ. ಹಾಗಾದರೆ ನೆಲಕ್ಕೆ ಬಿದ್ದವನ ಎದುರಿಗೆ ನಾವು ಯಾರ ಪೀಠದಲ್ಲಿ ಕೂರಬೇಕು ಎಂಬುದೇ ಪ್ರಶ್ನೆ. ನ್ಯಾಯ ಹೇಳುವ ಪೀಠಕ್ಕೆ ಅದರ ಕಾಲವಿದೆ. ಆಸ್ಪತ್ರೆಯ ಮಂಚದ ಪಕ್ಕ ಇರುವ ಕುರ್ಚಿ ಮಾತ್ರ ವೈದ್ಯನದು. ಕರ್ಮದ ಮಾತೂ ಅಷ್ಟೇ. ಅವನ ಕರ್ಮ ಅವನದು, ಒಪ್ಪೋಣ. ಆದರೆ ಅವನು ನಮ್ಮ ಕಣ್ಣೆದುರು ಬಿದ್ದಾಗ ನಾವು ಏನು ಮಾಡುತ್ತೇವೆ ಎಂಬುದು ನಮ್ಮ ಕರ್ಮ.

ಹಾಗೆಂದು ಕುಡಿದವನ ತಪ್ಪೆಲ್ಲ ಮಾಫಿ ಎಂದರ್ಥವೇ? ಖಂಡಿತ ಅಲ್ಲ. ಕುಡಿದು ಕಾರು ಓಡಿಸಿದವನು ಕಾನೂನಿಗೆ ಉತ್ತರ ಹೇಳಬೇಕು. ರಾತ್ರಿಯೆಲ್ಲ ಅತ್ತ ಹೆಂಡತಿಗೆ, ಹೆದರಿ ಮಂಚದ ಕೆಳಗೆ ಅಡಗಿದ ಮಕ್ಕಳಿಗೆ "ಅದು ಕಾಯಿಲೆ, ಸಹಿಸಿಕೊಳ್ಳಿ" ಎಂದು ಹೇಳುವ ಹಕ್ಕು ನಮಗ್ಯಾರಿಗೂ ಇಲ್ಲ. ಅವರ ನೋವಿಗೂ ಒಬ್ಬರು ಕುರ್ಚಿ ಎಳೆದುಕೊಂಡು ಕೂರಬೇಕು. ಆದರೆ ದೂಷಣೆ ಬೇರೆ, ಹೊಣೆಗಾರಿಕೆ ಬೇರೆ. ದೂಷಣೆ ಮನುಷ್ಯನನ್ನು ಅಡಗಿಕೊಳ್ಳಲು ಕಳಿಸುತ್ತದೆ. ಹೊಣೆ ಹೊರಬೇಕಾದರೆ ಅವನು ಮೊದಲು ಬೆಳಕಿಗೆ ಬಂದು "ಹೌದು, ನನಗೆ ಹೀಗಾಗಿದೆ" ಎನ್ನಬೇಕು. ನಮ್ಮ ಗೆಳೆಯ ಆ ಮಾತನ್ನು ಹೇಳಿದ್ದು ದೂಷಿಸದ ಒಬ್ಬರ ಎದುರಿಗೆ, ದೂಷಿಸಬಹುದಾಗಿದ್ದ ನಾವು ಹೊರಗೆ ಹೋದ ಮೇಲೆ.

ಇದೇನೂ ಪಶ್ಚಿಮದವರಿಂದ ಕಲಿಯಬೇಕಾದ ಹೊಸ ವಿದ್ಯೆಯಲ್ಲ. ನಮ್ಮ ನಾಡಿನಲ್ಲೇ ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸಿಕೊಂಡು ಬಂದಿದ್ದಾರೆ. ಕುಡಿಯುವವರನ್ನು ಶಿಬಿರದಲ್ಲೇ ಉಳಿಸಿಕೊಂಡು ಉಪಚರಿಸುತ್ತಾರೆ. ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳನ್ನು ಕಟ್ಟಿದ್ದಾರೆ. ಒಂದು ದೇವಸ್ಥಾನ 'ಶುದ್ಧನಾಗಿ ಬಾ' ಎಂದು ಬಾಗಿಲಲ್ಲಿ ಕಾಯದೆ, ತಾನೇ ಅವನಿದ್ದಲ್ಲಿಗೆ ಹೋಗುವುದು ನಮ್ಮವರಿಗೆ ಹೊಸದಲ್ಲ ಎಂದಾಯಿತು.

ದೇಶ, ಕಾಲ, ಪಾತ್ರ ಎಂದಿದ್ದೆವಲ್ಲ. ತುರ್ತು ವಿಭಾಗದ ಮಂಚಕ್ಕಿಂತ ಸರಿಯಾದ ದೇಶ ಯಾವುದು? ಹೆದರಿಕೆಯಿಂದ ಮನಸ್ಸು ಮೆತ್ತಗಾದ ಆ ನಸುಕಿಗಿಂತ ಸರಿಯಾದ ಕಾಲ ಯಾವುದು? ಇನ್ನು ಪಾತ್ರ. ಹಣದ ದಾನಕ್ಕೆ ಹಿರಿಯರು ಹೇಳಿದ ಎಚ್ಚರಿಕೆ ಇಂದಿಗೂ ಸರಿಯೇ; ಕುಡುಕನ ಕೈಗೆ ದುಡ್ಡು ಕೊಡಬೇಡಿ. ಆದರೆ ಔಷಧಕ್ಕೆ ರೋಗಿಗಿಂತ ಪಾತ್ರರು ಯಾರು? ಕಿವಿಗೊಡುವುದಕ್ಕೆ, ಯಾರಿಗೂ ಹೇಳಿಕೊಳ್ಳಲಾಗದವನಿಗಿಂತ ಪಾತ್ರರು ಯಾರು? ದಾನ ಯಾವುದೆಂದು ಕೇಳದೆ ಪಾತ್ರ ನಿರ್ಣಯಿಸಿದ್ದೇ ನಮ್ಮ ತಪ್ಪು.

ಅಮೆರಿಕದಲ್ಲಿ 2021ರಿಂದ 2023ರವರೆಗೆ ಪ್ರತಿವರ್ಷ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕ ಪದಾರ್ಥ ಅತಿಯಾಗಿ ತೀರಿಕೊಂಡರು. 2024ರಲ್ಲಿ ಆ ಸಂಖ್ಯೆ ಸುಮಾರು 80 ಸಾವಿರಕ್ಕೆ ಇಳಿಯಿತು. ಅತಿಯಾದ ಮದ್ಯಪಾನದಿಂದಾದ ಸಾವು 2020-21ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 78 ಸಾವಿರ. ಇವೆಲ್ಲ 'ಅವರ' ಲೆಕ್ಕ, ನಮ್ಮವರದಲ್ಲ ಎಂದು ನಾವು ಎಣಿಸಿಕೊಳ್ಳುತ್ತೇವೆ. ಆ ಮಹಿಳೆ ಹೇಳಿದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಮನೆಯವರು, ಗೆಳೆಯರು ಸುತ್ತ ನಿಂತಿರುವಾಗ "ಇಲ್ಲ, ಕುಡಿಯುವುದಿಲ್ಲ" ಎಂಬ ಉತ್ತರವನ್ನು ಪೂರ್ತಿ ನಂಬಬಾರದೆಂದು ತರಬೇತಿಯಲ್ಲೇ ಹೇಳಿಕೊಡುತ್ತಾರಂತೆ. ಪ್ರೀತಿಯಿಂದ ಸುತ್ತುವರಿದು ನಿಂತ ನಾವೇ ಅವನ ಬಾಯಿಗೆ ಬೀಗವಾಗಿದ್ದೆವು.

ನಮ್ಮಲ್ಲಿ ಎಲ್ಲರೂ ಆಪ್ತಸಮಾಲೋಚಕರಾಗಬೇಕಿಲ್ಲ. ಆದರೂ ಮೂರು ಕೆಲಸ ನಮ್ಮಿಂದಾಗುತ್ತದೆ. ಡಾಕ್ಟರು ಕೇಳಿದಾಗ ನಿಜ ಹೇಳೋಣ. ಪರದೆಯ ಆಚೆ ಹೋಗಿ ನಿಲ್ಲಬೇಕಾದಾಗ ಬೇಸರಿಸದೆ ಹೋಗಿ ನಿಲ್ಲೋಣ. ತುಂಬಾ ಕುಡಿಯುವವರಿಗೆ "ಇವತ್ತೇ ಬಿಟ್ಟುಬಿಡು" ಎಂದು ದೇವರ ಮುಂದೆ ಆಣೆ ಹಾಕಿಸುವ ಬದಲು, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ರಾತ್ರಿ ದಿಕ್ಕೇ ತೋಚದಾದರೆ 988 ಸಂಖ್ಯೆಗೆ ಫೋನ್ ಮಾಡಬಹುದು, ಅದು ವ್ಯಸನದ ಸಂಕಟಕ್ಕೂ ಇದೆ. ಪ್ರಾಣಾಪಾಯವಾದರೆ 911 ಇದ್ದೇ ಇದೆ.

ನಮ್ಮ ಗೆಳೆಯನ ಕತೆ ಏನಾಯಿತೆಂದು ನೀವು ಕೇಳಬಹುದು. ಮುಂದಿನ ಚಿಕಿತ್ಸೆಗೆ ಅಂದು ಅವನು "ಬೇಡ" ಎಂದನಂತೆ. ಮನೆಗೆ ಬಂದ ಎರಡನೆಯ ದಿನ ಆಕೆಯ ಫೋನ್ ಬಂತು, ಆಗಲೂ ಬೇಡವೆಂದ. ಮೂರನೆಯ ಫೋನಿಗೆ ಒಪ್ಪಿದ. ಏಳು ತಿಂಗಳು ಚೆನ್ನಾಗಿದ್ದು ಒಮ್ಮೆ ಜಾರಿದ, ಮತ್ತೆ ಎದ್ದ. ಮುಂದೇನೆಂದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ತಂದೆಗೆ ನಿಜವನ್ನು ಅವನೇ ಫೋನಿನಲ್ಲಿ ಹೇಳಿದ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲವಂತೆ. ಆಮೇಲೆ ಅವರು ಕೇಳಿದ್ದು ಇಷ್ಟೇ: "ಊಟ ಮಾಡಿದ್ಯೇನಪ್ಪಾ?"